ಪ್ರಯೋಗಾಲಯದ ಹೃದಯ, ಖಾನಾಪುರದ ಹೃದಯ

ಹೃದಯಾಘಾತದಲ್ಲಿ ಹೃದಯಕ್ಕೆ ಪೆಟ್ಟು ಬೀಳುವುದು ಎರಡು ಸಲ. ನಾಳ ಕಟ್ಟಿಕೊಂಡು ರಕ್ತ ನಿಂತಾಗ ಒಂದು. ವೈದ್ಯರು ಆ ನಾಳವನ್ನು ತೆರೆದು ರಕ್ತ ಮತ್ತೆ ನುಗ್ಗಿದಾಗ ಇನ್ನೊಂದು. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದರ ಬಗ್ಗೆ ಹೃದ್ರೋಗ ವಿಭಾಗದ ಗೋಡೆಯಾಚೆ ಮಾತು ಕಡಿಮೆ. ವೈದ್ಯರು ರಿಪರ್ಫ್ಯೂಷನ್ ಇಂಜುರಿ ಎನ್ನುವ ಇದನ್ನು ಇಲ್ಲಿ ಮರುಹರಿವಿನ ಗಾಯ ಎಂದುಕೊಳ್ಳೋಣ. ಅಮೆರಿಕದ ರಾಬರ್ಟ್ ಜೆನ್ನಿಂಗ್ಸ್ ಮತ್ತು ಸಂಗಡಿಗರು 1960ರಲ್ಲಿ ನಾಯಿಗಳ ಹೃದಯದಲ್ಲಿ ಇದನ್ನು ಕಂಡು ಬರೆದರು. ಆಮೇಲಿನ ಆರು ದಶಕಗಳಲ್ಲಿ ಇಲಿ, ಮೊಲ, ಹಂದಿ, ನಾಯಿಗಳಲ್ಲಿ ಈ ಗಾಯವನ್ನು ತಗ್ಗಿಸಿ ತೋರಿಸಿದ ಔಷಧಗಳಿಗೂ ಉಪಾಯಗಳಿಗೂ ಲೆಕ್ಕವಿಲ್ಲ. ಆದರೆ ಹೃದಯಾಘಾತವಾದ ಮನುಷ್ಯರಲ್ಲಿ ಸಾವನ್ನು ತಗ್ಗಿಸಿ, ಆಸ್ಪತ್ರೆಯ ನಿತ್ಯದ ಚಿಕಿತ್ಸೆಗೆ ಸೇರಿಕೊಂಡದ್ದು ಅವುಗಳಲ್ಲಿ ಒಂದೂ ಇಲ್ಲ. ಈ ಸೋಲಿನ ಕಾರಣವನ್ನು ಹೆಚ್ಚಿನವರು ಜೀವಕೋಶದೊಳಗೆ ಹುಡುಕುತ್ತಾರೆ. ಅಲ್ಲಿಯೂ ಇದೆ, ಸುಳ್ಳಲ್ಲ. ಆದರೆ ಸಂಶೋಧನೆ ಯಾರ ಹೃದಯವನ್ನು ಕಣ್ಣಮುಂದಿಟ್ಟುಕೊಂಡಿತ್ತು ಎಂಬ ಪ್ರಶ್ನೆಯನ್ನೂ ಕೇಳಬೇಕು. ಬೆಳಗಾವಿ ಬಳಿಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲೋ ಲೋಂಡಾದಲ್ಲೋ ಎದೆ ಹಿಡಿದುಕೊಂಡು ಕೂತ ಮನುಷ್ಯನ ಹೃದಯ ಆ ಲೆಕ್ಕದಲ್ಲಿ ಇರಲೇ ಇಲ್ಲ ಎನ್ನುವುದು ನನ್ನ ವಾದ.

ಈ ಗಾಯವನ್ನು ಕಣ್ಣಿಗೆ ಕಾಣಿಸುವ ಸಾಧನ ಬಹಳ ಹಳೆಯದು. 1895ರಲ್ಲಿ ಜರ್ಮನಿಯ ಆಸ್ಕರ್ ಲ್ಯಾಂಗೆನ್‌ಡಾರ್ಫ್ ರೂಪಿಸಿದ ವಿಧಾನವನ್ನೇ ಔಷಧಶಾಸ್ತ್ರದ ಪ್ರಯೋಗಾಲಯಗಳು ಇಂದಿಗೂ ಬಳಸುತ್ತವೆ. ಇಲಿಯ ಹೃದಯವನ್ನು ಹೊರತೆಗೆದು, ಮಹಾಪಧಮನಿಯ ಬುಡಕ್ಕೆ ಸಣ್ಣ ಕೊಳವೆ ಕಟ್ಟಿ ತೂಗುಹಾಕುತ್ತಾರೆ. ಮೈಬಿಸಿಯಷ್ಟೇ ಬಿಸಿ ಇರುವ, ಆಮ್ಲಜನಕ ಬೆರೆಸಿದ ಉಪ್ಪು–ಗ್ಲೂಕೋಸ್ ದ್ರಾವಣ ಮೇಲಿನಿಂದ ಇಳಿಯುತ್ತಿದ್ದರೆ ದೇಹವಿಲ್ಲದ ಆ ಹೃದಯ ತನ್ನ ಪಾಡಿಗೆ ಬಡಿಯುತ್ತಿರುತ್ತದೆ. ದ್ರಾವಣ ನಿಲ್ಲಿಸಿದರೆ ಬಡಿತ ಕುಗ್ಗುತ್ತ ಹೋಗಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ಹರಿಸಿದರೆ ಮೊದಲಿನ ಬಡಿತ ಬರುವುದಿಲ್ಲ. ಹೃದಯ ಅಡ್ಡಾದಿಡ್ಡಿ ಅದುರುತ್ತದೆ, ಕೆಲವು ಭಾಗ ಬಿಗಿದುಕೊಂಡು ಸಡಿಲಗೊಳ್ಳುವುದೇ ಇಲ್ಲ. ಒಂದೆರಡು ಗಂಟೆ ಹಾಗೇ ಹರಿಯಲು ಬಿಟ್ಟು, ಹೃದಯವನ್ನು ತೆಳು ಹೋಳುಗಳಾಗಿ ಕತ್ತರಿಸಿ ಟೆಟ್ರಜೋಲಿಯಂ ದ್ರಾವಣದಲ್ಲಿ ಅದ್ದುತ್ತಾರೆ. ಬದುಕಿರುವ ಸ್ನಾಯು ಇಟ್ಟಿಗೆಗೆಂಪಾಗುತ್ತದೆ, ಸತ್ತದ್ದು ಬಿಳಿಚಿಕೊಂಡು ಉಳಿಯುತ್ತದೆ. ಕೆಂಪು ಎಷ್ಟು, ಬಿಳುಪು ಎಷ್ಟು ಎಂದು ಅಳೆಯುವುದೇ ಈ ಕ್ಷೇತ್ರದ ಮೂಲ ಲೆಕ್ಕ. ಲೆಕ್ಕ ಚೊಕ್ಕವಾಗಿದೆ. ಇಲಿ ಎಳೆಯದು, ಸಕ್ಕರೆ ಕಾಯಿಲೆ ಇಲ್ಲ, ಬೀಡಿ ಸೇದಿಲ್ಲ, ಬಿಪಿ ಮಾತ್ರೆ ನುಂಗಿಲ್ಲ. ಹರಿವು ನಿಂತ ನಿಮಿಷವೂ ಗೊತ್ತು, ಮರಳಿದ ನಿಮಿಷವೂ ಗೊತ್ತು. ಮುಂದಿನ ತೊಡಕೆಲ್ಲ ಈ ಚೊಕ್ಕತನದಲ್ಲೇ ಅಡಗಿದೆ.

ಅರ್ಧ ಗಂಟೆಯಲ್ಲಿ ಕೋಶದೊಳಗೆ ಏನಾಯಿತು ಎಂಬುದು ಈಗ ಸಾಕಷ್ಟು ತಿಳಿದಿದೆ. ಆಮ್ಲಜನಕ ನಿಂತ ಕೂಡಲೇ ಶಕ್ತಿಯ ಕಣವಾದ ಎಟಿಪಿ ಬತ್ತತೊಡಗುತ್ತದೆ, ಲ್ಯಾಕ್ಟಿಕ್ ಆಮ್ಲ ಕೂಡಿಕೊಂಡು ಕೋಶ ಹುಳಿಯಾಗುತ್ತದೆ. ಆ ಹುಳಿಯನ್ನು ಹೊರಹಾಕಲು ಕೋಶವು ಸೋಡಿಯಂ ಅನ್ನು ಒಳಗೆಳೆದುಕೊಳ್ಳುತ್ತದೆ. ಸೋಡಿಯಂ ಹೆಚ್ಚಾದಂತೆ ಅದರ ಬದಲಿಗೆ ಕ್ಯಾಲ್ಸಿಯಂ ಒಳಗೆ ಬರುತ್ತದೆ. ಇಷ್ಟರ ಮೇಲೆ ರಕ್ತ ಮರಳಿತೆನ್ನಿ. ಆಮ್ಲಜನಕ ಸಿಕ್ಕಿದ್ದೇ ಮೈಟೊಕಾಂಡ್ರಿಯಾ ವಿಪರೀತ ವೇಗದಲ್ಲಿ ಕೆಲಸಕ್ಕಿಳಿದು, ಕೂಡಿಟ್ಟ ಸಕ್ಸಿನೇಟ್ ಅನ್ನು ಉರಿಸಿ, ಕೋಶವನ್ನೇ ಸುಡುವ ಆಮ್ಲಜನಕದ ಉಗ್ರ ರೂಪಗಳನ್ನು ಕಾರುತ್ತದೆ. ಈ ಸಕ್ಸಿನೇಟಿನ ಪಾತ್ರವನ್ನು ಕೇಂಬ್ರಿಜ್‌ನ ಸಂಶೋಧಕರು 2014ರಲ್ಲಿ ತೋರಿಸಿಕೊಟ್ಟರು. ಹುಳಿ ತೊಳೆದುಹೋಗುವುದು ಒಳ್ಳೆಯದೇ ಅನ್ನಿಸಬಹುದು. ಆದರೆ ಹುಳಿ ಇರುವ ತನಕ ಮುಚ್ಚಿಕೊಂಡಿದ್ದ ಮೈಟೊಕಾಂಡ್ರಿಯಾದ ಒಂದು ರಂಧ್ರ, ಅದು ಹೋದೊಡನೆ ತೆರೆದುಕೊಳ್ಳುತ್ತದೆ. ಅದು ತೆರೆದರೆ ಕೋಶದ ಕಥೆ ಮುಗಿಯಿತು. ಬರಕ್ಕೆ ಬಿರುಕುಬಿಟ್ಟ ಹೊಲಕ್ಕೆ ಕಾಲುವೆ ಒಡೆದು ನೀರು ನುಗ್ಗಿದರೆ ಉಳಿದ ಪೈರೂ ಕೊಚ್ಚಿಹೋಗುವಂಥ ಪ್ರಸಂಗ ಇದು. ಎಲ್ಲ ನಡೆಯುವುದು ಹರಿವು ಮರಳಿದ ಮೊದಲ ಕೆಲವೇ ನಿಮಿಷಗಳಲ್ಲಿ. ಪ್ರಾಣಿಗಳ ಪ್ರಯೋಗಗಳನ್ನು ನಂಬುವುದಾದರೆ, ಕೊನೆಗೆ ಸತ್ತ ಸ್ನಾಯುವಿನಲ್ಲಿ ಅರ್ಧದಷ್ಟು ಈ ಎರಡನೆಯ ಪೆಟ್ಟಿನಿಂದ ಸತ್ತದ್ದಿರಬಹುದು.

ಹಾಗಿದ್ದರೆ ನಾಳವನ್ನು ತೆರೆಯುವುದೇ ಬೇಡವೇ ಎಂದು ಯಾರಾದರೂ ಕೇಳಿದರೆ ನಗುವಂತಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಸ್ಟೆಂಟ್ ವಿರುದ್ಧ ಹರಿದಾಡುವ ಸಂದೇಶಗಳು ಇಂಥ ಅರ್ಧ ಸತ್ಯಗಳಿಂದಲೇ ಹುಟ್ಟುತ್ತವೆ. ಉತ್ತರಕ್ಕೆ ತರ್ಕ ಬೇಕಿಲ್ಲ, ಎಣಿಕೆ ಸಾಕು. ಇಟಲಿಯ ಜಿಸ್ಸಿ ಪ್ರಯೋಗ 1986ರಲ್ಲಿ 11,806 ರೋಗಿಗಳಲ್ಲಿ ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಸಾವನ್ನು ತಗ್ಗಿಸುತ್ತದೆಂದು ತೋರಿಸಿತು. ನೋವು ಶುರುವಾದ ಒಂದು ಗಂಟೆಯೊಳಗೆ ಇಂಜೆಕ್ಷನ್ ಸಿಕ್ಕವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಎರಡು ವರ್ಷದ ಬಳಿಕ 17,187 ರೋಗಿಗಳ ಐಸಿಸ್–2 ಪ್ರಯೋಗ, ಅದರ ಜೊತೆಗೆ ಬರೀ ಆಸ್ಪಿರಿನ್ ಸೇರಿಸಿದರೆ ಲಾಭ ಇನ್ನೂ ಹೆಚ್ಚು ಎಂದು ಸಾಬೀತು ಮಾಡಿತು. ಮುಚ್ಚಿದ ನಾಳ ಮುಚ್ಚಿಯೇ ಉಳಿದರೆ ಅದರ ಪಾಲಿನ ಸ್ನಾಯು ಬಹುಮಟ್ಟಿಗೆ ಹೋದಂತೆಯೇ. ಎರಡನೆಯ ಪೆಟ್ಟು ಬೀಳಬೇಕಾದರೂ ಮೊದಲ ಪೆಟ್ಟಿನಿಂದ ಬದುಕುಳಿದ ಸ್ನಾಯು ಇರಬೇಕು. ಮರುಹರಿವಿನ ಗಾಯದ ಮಾತು ಚಿಕಿತ್ಸೆಯ ಲಾಭವನ್ನು ಇನ್ನಷ್ಟು ಹೆಚ್ಚಿಸುವ ಮಾತು. ಚಿಕಿತ್ಸೆಗೆ ಅಡ್ಡ ಬರುವ ಮಾತಲ್ಲ.

ಈಗ ಗಡಿಯಾರಕ್ಕೆ ಬರೋಣ. ಜೆನ್ನಿಂಗ್ಸ್ ಮತ್ತು ಕೀತ್ ರೈಮರ್ ಅವರ ತಂಡ 1977ರಲ್ಲಿ ನಾಯಿಗಳ ಹೃದಯದ ಒಂದು ನಾಳ ಕಟ್ಟಿ, ಬೇರೆ ಬೇರೆ ಅವಧಿಯ ಬಳಿಕ ಬಿಚ್ಚಿ ನೋಡಿತು. 40 ನಿಮಿಷಕ್ಕೆ ಬಿಚ್ಚಿದಾಗ ಅಪಾಯದಲ್ಲಿದ್ದ ಸ್ನಾಯುವಿನ ಶೇ 38ರಷ್ಟು ಸತ್ತಿತ್ತು. ಮೂರು ಗಂಟೆಗೆ ಶೇ 57, ಆರು ಗಂಟೆಗೆ ಶೇ 71. ಸಾವು ಹೃದಯದ ಒಳಪದರದಲ್ಲಿ ಶುರುವಾಗಿ ಅಲೆಯಂತೆ ಹೊರಗೆ ಸರಿಯುತ್ತದೆ. ಮನುಷ್ಯರಲ್ಲಿ ಪಕ್ಕದ ಕಿರುನಾಳಗಳ ನೆರವಿನಿಂದ ವೇಗ ಹೆಚ್ಚುಕಡಿಮೆ ಆಗಬಹುದು, ದಿಕ್ಕು ಮಾತ್ರ ಅದೇ. ಇದರ ಪಕ್ಕಕ್ಕೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಕ್ರಿಯೇಟ್ ನೋಂದಣಿಯ ಅಂಕಿಯನ್ನು ಇಟ್ಟು ನೋಡಿ. ದೇಶದ 50 ನಗರಗಳ 89 ಆಸ್ಪತ್ರೆಗಳ 20,937 ರೋಗಿಗಳಲ್ಲಿ, ನೋವು ಶುರುವಾಗಿ ಆಸ್ಪತ್ರೆ ತಲುಪುವ ನಡುವಿನ ಹೊತ್ತಿನ ಮಧ್ಯಾಂಕ 360 ನಿಮಿಷ. ಆರು ಗಂಟೆ. ನಾಯಿಯ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಪಾಲು ಮುಗಿದುಹೋಗಿರುವ ಹೊತ್ತು. ಅದೂ ನಗರಗಳ ಆಸ್ಪತ್ರೆಗಳ ಅಂಕಿ.

ಖಾನಾಪುರಕ್ಕೂ ಬೆಳಗಾವಿಗೂ ನಡುವೆ ಇರುವುದು ಸುಮಾರು 26 ಕಿಲೊಮೀಟರ್. ಪಟ್ಟಣದ ನಿವಾಸಿಗೆ ಅದೇನೂ ದೂರವಲ್ಲ. ಆದರೆ ತಾಲ್ಲೂಕು ಎಂದರೆ ಪಟ್ಟಣವಲ್ಲ. ಪೂರ್ವಕ್ಕೆ ಇಟಗಿ, ಬೀಡಿ ಕಡೆಯ ಬಯಲು, ಪಶ್ಚಿಮಕ್ಕೆ ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ, ದಕ್ಷಿಣಕ್ಕೆ ಲೋಂಡಾ, ನಡುವೆ ಭೀಮಗಡದ ಕಾಡಿನೊಳಗೆ ಗವಾಳಿ, ತಳೇವಾಡಿ, ಆಮಗಾಂವದಂಥ ಊರುಗಳು. ಆಮಗಾಂವ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಲ್ಲೊಂದು. ಮಳೆಗಾಲದಲ್ಲಿ ಈ ಹಳ್ಳಿಗಳಿಂದ ರೋಗಿಯನ್ನು ಕಟ್ಟಿಗೆಗೆ ಕಟ್ಟಿ, ಹೆಗಲ ಮೇಲೆ ಹೊತ್ತು, ಹಳ್ಳ ದಾಟಿಸಿ 108 ಆಂಬುಲೆನ್ಸ್ ನಿಂತ ಕಡೆಗೆ ತಂದ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಹೊರುವುದಕ್ಕೆ ಮೊದಲೇ ಹೋಗುವ ಹೊತ್ತೂ ಕಡಿಮೆಯದಲ್ಲ. ‘ಗ್ಯಾಸ್ ಆಗಿರಬೇಕು, ಸೋಡಾ ಕುಡಿ’ ಎಂಬ ಒಂದು ಮಾತಿಗೆ ಒಂದು ಗಂಟೆ ಸಲೀಸಾಗಿ ಹೋಗುತ್ತದೆ. ಈ ಮಾತು ಬೆಳಗಾವಿ ನಗರದೊಳಗೂ ಅಷ್ಟೇ ಪ್ರಚಲಿತ ಎನ್ನುವುದನ್ನು ಕಾಡಿನ ಮೇಲೆ ತಪ್ಪು ಹೊರಿಸುವವರು ಮರೆಯಬಾರದು.

ಮನುಷ್ಯರ ಮೇಲಿನ ದೊಡ್ಡ ಪ್ರಯೋಗಗಳು ನಡೆದದ್ದು ಯಾರ ಮೇಲೆ? ಮೈಟೊಕಾಂಡ್ರಿಯಾದ ಆ ರಂಧ್ರವನ್ನು ಮುಚ್ಚಿಡುವ ಸೈಕ್ಲೋಸ್ಪೋರಿನ್ 2008ರಲ್ಲಿ ಫ್ರಾನ್ಸ್‌ನ 58 ರೋಗಿಗಳಲ್ಲಿ ಭರವಸೆ ಹುಟ್ಟಿಸಿತು. 2015ರಲ್ಲಿ 970 ರೋಗಿಗಳಿಗೆ ಕೊಟ್ಟು ನೋಡಿದಾಗ ಲಾಭ ಕಾಣಲಿಲ್ಲ. ಅದಕ್ಕಿಂತ ಸೊಗಸಾದದ್ದು ಇನ್ನೊಂದು ಉಪಾಯ. ಹೃದಯಕ್ಕೆ ಮೊದಲೇ ಐದೈದು ನಿಮಿಷ ನಾಲ್ಕು ಸಲ ರಕ್ತ ನಿಲ್ಲಿಸಿ ಬಿಟ್ಟರೆ, ಮುಂದಿನ ದೊಡ್ಡ ತಡೆಯಲ್ಲಿ ಸಾಯುವ ಸ್ನಾಯು ಕಾಲು ಭಾಗಕ್ಕೆ ಇಳಿಯುತ್ತದೆಂದು ಜೆನ್ನಿಂಗ್ಸ್ ತಂಡವೇ 1986ರಲ್ಲಿ ನಾಯಿಗಳಲ್ಲಿ ಕಂಡಿತ್ತು. ಹೃದಯವನ್ನೇ ಮುಟ್ಟಬೇಕಿಲ್ಲ, ತೋಳಿಗೆ ಬಿಪಿ ಪಟ್ಟಿ ಕಟ್ಟಿ ಗಾಳಿ ತುಂಬಿ ಬಿಟ್ಟರೂ ಹೃದಯಕ್ಕೆ ಆ ಸೂಚನೆ ತಲುಪುತ್ತದೆ ಎಂಬ ಮಟ್ಟಕ್ಕೆ ಆಮೇಲೆ ವಿಷಯ ಬೆಳೆಯಿತು. ಖರ್ಚಿಲ್ಲ, ಔಷಧವಿಲ್ಲ. ಬ್ರಿಟನ್, ಡೆನ್ಮಾರ್ಕ್, ಸ್ಪೇನ್, ಸರ್ಬಿಯಾಗಳ 5,401 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದ ಫಲಿತಾಂಶ 2019ರಲ್ಲಿ ಬಂತು. ಒಂದು ವರ್ಷದೊಳಗೆ ಹೃದಯದ ಕಾರಣಕ್ಕೆ ಸತ್ತವರು ಅಥವಾ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದವರು, ಪಟ್ಟಿ ಕಟ್ಟಿದ ಗುಂಪಿನಲ್ಲಿ ಶೇ 9.4, ಕಟ್ಟದ ಗುಂಪಿನಲ್ಲಿ ಶೇ 8.6. ಉಪಯೋಗ ಕಾಣಲಿಲ್ಲ.

ಆ ಶೇ 8.6 ಅನ್ನೇ ಇನ್ನೊಮ್ಮೆ ನೋಡಬೇಕು. ಏನೂ ಹೆಚ್ಚುವರಿ ಮಾಡದ ಗುಂಪಿನಲ್ಲೇ ಕೆಡುಕು ಅಷ್ಟು ಕಡಿಮೆ. ಇವರೆಲ್ಲ ಕ್ಯಾಥ್‌ಲ್ಯಾಬ್ ತಲುಪಿ ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡವರು. ಪ್ಲೇಟ್‌ಲೆಟ್ ತಡೆಯುವ ಹೊಸ ಮಾತ್ರೆಗಳು, ಸ್ಟ್ಯಾಟಿನ್ ಎಲ್ಲ ಸಿಕ್ಕವರು. ಆ ಮಾತ್ರೆಗಳಲ್ಲಿ ಕೆಲವು ತಾವೇ ಹೃದಯವನ್ನು ಅಷ್ಟಿಷ್ಟು ಕಾಯುತ್ತವೆ ಎಂಬ ಗುಮಾನಿಯೂ ಇದೆ. ಉಳಿಸಲು ಬಾಕಿ ಇದ್ದದ್ದೇ ಸ್ವಲ್ಪ, ಅದರಲ್ಲಿ ಇನ್ನೊಂದು ಉಪಾಯ ಏನು ತೋರಿಸೀತು? ಖಾನಾಪುರದ ರೋಗಿಯ ಚಿಕಿತ್ಸೆಯ ರೀತಿಯೇ ಬೇರೆ: ಅವನಿಗೆ ಮೊದಲು ಸಿಗುವುದು ಹೆಪ್ಪು ಕರಗಿಸುವ ಇಂಜೆಕ್ಷನ್. ಸ್ಟೆಂಟ್ ಹಾಕುವಾಗ ನಾಳ ಒಮ್ಮೆಲೇ ತೆರೆಯುತ್ತದೆ, ತೆರೆದ ಕ್ಷಣ ವೈದ್ಯರಿಗೆ ತಿಳಿಯುತ್ತದೆ. ಇಂಜೆಕ್ಷನ್‌ನಲ್ಲಿ ಹೆಪ್ಪು ಮೆಲ್ಲಗೆ ಕರಗುತ್ತದೆ; ತೆರೆದು, ಮತ್ತೆ ಮುಚ್ಚಿ, ಮತ್ತೆ ತೆರೆಯುವುದೂ ಉಂಟು. ಮೊದಲ ಕೆಲವು ನಿಮಿಷವೇ ನಿರ್ಣಾಯಕವಾದ ಗಾಯದಲ್ಲಿ ಈ ವ್ಯತ್ಯಾಸ ಚಿಲ್ಲರೆಯದಲ್ಲ. ಇಂಜೆಕ್ಷನ್ ಪಡೆದ 519 ರೋಗಿಗಳಲ್ಲಿ ಅದೇ ಬಿಪಿ ಪಟ್ಟಿಯ ಉಪಾಯವನ್ನು ಮಾರಿಷಸ್‌ನಲ್ಲಿ ಪರೀಕ್ಷಿಸಿದಾಗ, 2015ರಲ್ಲಿ ಬಂದ ವರದಿಯ ಪ್ರಕಾರ, ರಕ್ತಕ್ಕೆ ಸೋರುವ ಹೃದಯದ ಕಿಣ್ವ ಕಡಿಮೆಯಾಗಿತ್ತು. ಚಿಕ್ಕ ಪ್ರಯೋಗ, ಕಿಣ್ವ ತಗ್ಗಿತು ಎಂದರೆ ಸಾವು ತಗ್ಗಿತು ಎಂದಲ್ಲ. ನಾಳೆಯಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ಎಲ್ಲರ ತೋಳಿಗೂ ಪಟ್ಟಿ ಬಿಗಿಯಿರಿ ಎನ್ನಲು ಇದು ಸಾಲದು. ಯುರೋಪಿನ ಉತ್ತರ ನಮ್ಮ ಪ್ರಶ್ನೆಗೆ ಉತ್ತರವಾಗಲಿಲ್ಲ ಎನ್ನಲು ಮಾತ್ರ ಸಾಕು.

ಇಲಿ, ನಾಯಿಗಳ ಈ ವಿದ್ಯೆ ಮನುಷ್ಯರಿಗೆ ಎಂದೂ ದಕ್ಕಲಿಲ್ಲ ಎಂದು ಪೂರ್ತಿ ತಳ್ಳಿಹಾಕುವವರಿಗೆ ಬೆಳಗಾವಿಯಲ್ಲೇ ಉತ್ತರ ಇದೆ. 2022ರ ಜುಲೈನಲ್ಲಿ ಧಾರವಾಡದಿಂದ ಹಸಿರು ಕಾರಿಡಾರ್‌ನಲ್ಲಿ ಹೃದಯವೊಂದನ್ನು ತಂದು ಕೆಎಲ್‌ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯಲ್ಲಿ ಕಸಿ ಮಾಡಿದರು. ರಕ್ತವಿಲ್ಲದೆ ಹೆದ್ದಾರಿಯಲ್ಲಿ ಬಂದ ಹೃದಯ ಇನ್ನೊಂದು ಎದೆಯಲ್ಲಿ ಬಡಿಯುವುದು ಸಾಧ್ಯವಾಗುವುದು ಅದನ್ನು ತಣ್ಣಗಿಟ್ಟು, ಪೊಟ್ಯಾಸಿಯಂ ದ್ರಾವಣದಿಂದ ಬಡಿತ ನಿಲ್ಲಿಸಿ, ಎಟಿಪಿ ಬತ್ತದಂತೆ ಕಾಯುವುದರಿಂದ. ಬೈಪಾಸ್ ಶಸ್ತ್ರಚಿಕಿತ್ಸೆಗಳಲ್ಲೂ ಇದು ದಿನನಿತ್ಯದ ಕೆಲಸ. ಇದರಲ್ಲಿ ಬಹಳಷ್ಟು ಬಂದದ್ದು ಅದೇ ತೂಗುಹಾಕಿದ ಇಲಿಯ ಹೃದಯದಿಂದ. ಶಸ್ತ್ರಚಿಕಿತ್ಸಕನ ಕೈಯಲ್ಲಿ ಗಡಿಯಾರ ಇರುತ್ತದೆ. ರಕ್ತ ನಿಲ್ಲುವ ಮೊದಲೇ ಅವನು ಹೃದಯವನ್ನು ಸಜ್ಜು ಮಾಡುತ್ತಾನೆ. ಹಾಗೆ ಕಸಿಗೆ ಹೊರಟ ಹೃದಯಕ್ಕೂ ಸಾಮಾನ್ಯವಾಗಿ ನಾಲ್ಕು ಗಂಟೆಯ ಗಡುವು. ಪೊಲೀಸರು ರಸ್ತೆ ತೆರವು ಮಾಡಿ ಆ ಹೃದಯಕ್ಕೆ ದಾರಿ ಬಿಡುತ್ತಾರೆ, ಬಿಡಲೇಬೇಕು. ಎದೆಯೊಳಗೇ ಕಟ್ಟಿಕೊಂಡ ಹೃದಯ ಹೊತ್ತವರಿಗೆ ಖಾನಾಪುರ ತಾಲ್ಲೂಕಿನ ರಸ್ತೆಗಳ ಗುಂಡಿಗಳೇ ಗತಿ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಬರುತ್ತದೆ. ತಡವಾಗುವುದೇ ರೋಗವಾದರೆ ಸಂಶೋಧನೆ ಯಾಕೆ, ರಸ್ತೆ ಮಾಡಿ, ಆಂಬುಲೆನ್ಸ್ ಕೊಡಿ, ಸಾಕಲ್ಲ? ಮೊದಲ ರೂಪಾಯಿ ಅಲ್ಲಿಗೇ ಹೋಗಬೇಕು, ಅನುಮಾನವಿಲ್ಲ. ತಮಿಳುನಾಡಿನಲ್ಲಿ ಸಣ್ಣ ಆಸ್ಪತ್ರೆಗಳನ್ನು ಕ್ಯಾಥ್‌ಲ್ಯಾಬ್ ಇರುವ ದೊಡ್ಡ ಆಸ್ಪತ್ರೆಗಳಿಗೆ ಜೋಡಿಸಿದಾಗ ಒಂದು ವರ್ಷದ ಸಾವಿನ ಪ್ರಮಾಣ ಶೇ 17.6ರಿಂದ ಶೇ 14.2ಕ್ಕೆ ಇಳಿಯಿತೆಂದು 2017ರ ಅಧ್ಯಯನ ಹೇಳಿದೆ. ಯಾವ ಕೋಶರಕ್ಷಕ ಔಷಧವೂ ಇಷ್ಟು ಮಾಡಿಲ್ಲ. 2021ರ ಅಕ್ಟೋಬರ್‌ನಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಕರ್ನಾಟಕ ಸರ್ಕಾರ 2024ರಲ್ಲಿ ತಂದ ಹೃದಯ ಜ್ಯೋತಿ ಯೋಜನೆಯ ತಿರುಳೂ ಇದೇ: ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದ ತಜ್ಞರ ಸಲಹೆ ಪಡೆದು, ದುಬಾರಿಯಾದ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುವುದು. ತೂಕ ನೋಡಿ ಅಳತೆ ಮಾಡಿ, ಕೆಲವೇ ಸೆಕೆಂಡಿನಲ್ಲಿ ನರಕ್ಕೆ ಏರಿಸುವ ಔಷಧ ಅದು. ಅದು ಕೆಲಸ ಮಾಡಿದಾಗ ಇಸಿಜಿಯಲ್ಲಿ ಉಬ್ಬಿದ್ದ ಎಸ್‌ಟಿ ಗೆರೆ ಇಳಿಯುತ್ತದೆ. ಎಷ್ಟೋ ಸಲ ಅದೇ ಹೊತ್ತಿಗೆ ಮಾನಿಟರ್‌ನಲ್ಲಿ ಅಗಲಗಲವಾದ ವಿಚಿತ್ರ ಬಡಿತಗಳ ಸಾಲು ಹಾದುಹೋಗುತ್ತದೆ. ರಕ್ತ ಮರಳಿದ್ದರ ಗುರುತು ಅದು, ಮರುಹರಿವಿನ ಪೆಟ್ಟಿನ ಗುರುತೂ ಹೌದು. ಗಾಯ ಈಗ ತಾಲ್ಲೂಕು ಆಸ್ಪತ್ರೆಗೇ ಬಂದಿದೆ. ಸಂಶೋಧನೆಯೂ ಅಲ್ಲಿಗೆ ಬರಬೇಕು. ಇದು ಆಕ್ಷೇಪಕ್ಕೆ ಮೊದಲ ಉತ್ತರ.

ಎರಡನೆಯ ಉತ್ತರ ಸ್ವಲ್ಪ ಸೂಕ್ಷ್ಮ. ತಡವಾಗಿ ಬಂದವನಲ್ಲಿ ಉಳಿಸಲು ಸ್ನಾಯುವೇ ಇಲ್ಲ, ಇನ್ನೇನು ರಕ್ಷಣೆ ಎಂದು ಕೈಚೆಲ್ಲುವುದು ಸುಲಭ. ಆದರೆ ತಡವಾಗಿ ಮರಳುವ ರಕ್ತ ಮಾಡುವ ಹಾನಿಯ ಬಗೆಯೇ ಬೇರೆ. ಹೊತ್ತು ಕಳೆದಂತೆ ಸ್ನಾಯುವಿನ ಜೊತೆ ಕೂದಲೆಳೆಯಂಥ ರಕ್ತನಾಳಗಳೂ ಸಾಯುತ್ತವೆ. ದೊಡ್ಡ ನಾಳ ತೆರೆದರೂ ಒಳಗಿನ ಕಿರುನಾಳಗಳಲ್ಲಿ ರಕ್ತ ಹರಿಯುವುದಿಲ್ಲ. ಹರಿದ ಕಡೆ ಗೋಡೆ ಸೋರಿ ಸ್ನಾಯುವಿನೊಳಗೇ ರಕ್ತಸ್ರಾವವಾಗುತ್ತದೆ. ಹೆಪ್ಪು ಕರಗಿಸುವ ಔಷಧ ಮೈಯಲ್ಲಿರುವಾಗ ಈ ಸ್ರಾವ ಏನಾಗುತ್ತದೆ ಎನ್ನುವುದು ನಮಗೆ ಬೇಕಾದ ಪ್ರಶ್ನೆ. ಅರ್ಧ ಗಂಟೆ ಹರಿವು ನಿಲ್ಲಿಸಿದ, ರಕ್ತವೇ ಇಲ್ಲದ ಇಲಿಯ ಹೃದಯ ಇದಕ್ಕೆ ಉತ್ತರ ಕೊಡಲಾರದು. ಆರು ಗಂಟೆ ತಡವಾದ, ಸಕ್ಕರೆ ಕಾಯಿಲೆಯ, ಐವತ್ತೈದು ದಾಟಿದ ಹೃದಯಗಳ ಬಗ್ಗೆ ಬರೆಯಲು ಬೆಳಗಾವಿಗಿಂತ ತಕ್ಕ ಊರು ಕೇಂಬ್ರಿಜ್ ಅಲ್ಲ. 1963ರಿಂದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಇಲ್ಲಿದೆ, ಸರ್ಕಾರಿ ವೈದ್ಯಕೀಯ ಕಾಲೇಜು ಬಿಮ್ಸ್ ಇದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ ಇರುವುದೂ ಬೆಳಗಾವಿಯ ನೆಹರೂ ನಗರದಲ್ಲೇ. ಹಾಗಾಗಿ ಹೊಳೆಮತ್ತಿಯ ಮಾತು ಬಂದೇ ಬರುತ್ತದೆ. ಹೊಳೆದಂಡೆಯ ಈ ಮರದ, ಸಂಸ್ಕೃತದ ಅರ್ಜುನದ, ತೊಗಟೆಯ ಕಷಾಯ ಹೃದಯಕ್ಕೆ ಒಳ್ಳೆಯದೆಂಬ ನಂಬಿಕೆ ಹಳೆಯದು. ಅದಕ್ಕೆ ಪ್ರಯೋಗಾಲಯದ ಆಧಾರವೂ ಇಲ್ಲದಿಲ್ಲ: ದೆಹಲಿಯ ಏಮ್ಸ್‌ನಲ್ಲಿ ತೊಗಟೆಯನ್ನು ಮೊದಲೇ ಹಲವು ದಿನ ತಿನ್ನಿಸಿದ ಇಲಿ, ಮೊಲಗಳಲ್ಲಿ ಮರುಹರಿವಿನ ಗಾಯ ಕಡಿಮೆಯಾಗಿತ್ತು. ‘ಮೊದಲೇ’ ಎಂಬುದನ್ನು ಗಮನಿಸಬೇಕು. ಹೃದಯಾಘಾತ ಯಾವತ್ತು ಆಗುತ್ತದೆಂದು ತಿಂಗಳು ಮುಂಚೆ ಯಾರಿಗೂ ಗೊತ್ತಿರುವುದಿಲ್ಲ. ನೋವು ಬಂದ ಮೇಲೆ ಕುಡಿದರೆ ಏನಾದೀತು ಎಂಬುದಕ್ಕೆ ಆ ಪ್ರಯೋಗಗಳಲ್ಲಿ ಉತ್ತರವಿಲ್ಲ. ಕುದಿಸಿ ಆರಿಸುವಷ್ಟರಲ್ಲಿ ಕಳೆಯುವ ಹೊತ್ತಿನ ಬೆಲೆ ಎಷ್ಟೆಂಬುದನ್ನು ಮಾತ್ರ 1977ರ ನಾಯಿಗಳು ಹೇಳಿವೆ. ತೊಗಟೆಯನ್ನು ಹೊಗಳುವ ಇನ್ನೊಂದು ಇಲಿಯ ಪ್ರಬಂಧ ನಮಗೆ ಬೇಕಿಲ್ಲ. ಮುದಿಯಾದ, ಸಕ್ಕರೆ ಕಾಯಿಲೆಯ ಪ್ರಾಣಿಯಲ್ಲಿ, ಹರಿವು ನಿಂತು ಗಂಟೆಗಳಾದ ಮೇಲೆ, ಟೆನೆಕ್ಟೆಪ್ಲೇಸ್ ಜೊತೆಗೆ ಕೊಟ್ಟರೆ ತೊಗಟೆಯ ಸಾರ ಒಳಿತೋ ಕೆಡುಕೋ ಎಂದು ಯಾರಾದರೂ ನೋಡಿದರೆ ಅದು ಈ ನಾಡಿಗೆ ಸಲ್ಲುವ ಸಂಶೋಧನೆ. ಉತ್ತರ ‘ಕೆಡುಕು’ ಎಂದು ಬಂದರೂ ಪ್ರಕಟಿಸುವ ಎದೆಗಾರಿಕೆ ಬೇಕು.

2025ರ ಜೂನ್–ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿಯಿಂದ ರಾಜ್ಯವೆಲ್ಲ ಗಾಬರಿಯಾಗಿ ಜಯದೇವದ ಮುಂದೆ ಸಾಲು ನಿಂತಿತು. ಆಗ ಎಣಿಸಿದ್ದು ಸತ್ತವರನ್ನು. ಮರುಹರಿವಿನ ಗಾಯ ಕಾಡುವುದು ಮುಖ್ಯವಾಗಿ ಬದುಕಿದವರನ್ನು: ಮನೆಗೆ ಹೋಗಿ ಆರು ತಿಂಗಳಲ್ಲಿ ಕಾಲು ಊದಿ, ಏರು ಹತ್ತಿದರೆ ಉಸಿರು ಕಟ್ಟಿ, ಗದ್ದೆ ಕೆಲಸ ಬಿಟ್ಟು ಕೂರುವವರನ್ನು. ಅವರ ಲೆಕ್ಕ ಹಿಡಿಯಲು ದೊಡ್ಡ ಯಂತ್ರವೇನೂ ಬೇಡ. ಇಂಜೆಕ್ಷನ್ ಕೊಟ್ಟ ಪ್ರತಿ ರೋಗಿಯ ಹಾಳೆಯಲ್ಲಿ ನೋವು ಶುರುವಾದ ಹೊತ್ತು, ಇಂಜೆಕ್ಷನ್ ಕೊಟ್ಟ ಹೊತ್ತು, ತೊಂಬತ್ತು ನಿಮಿಷದ ನಂತರದ ಇಸಿಜಿ, ಆರು ತಿಂಗಳ ನಂತರದ ಎಕೋ ಇಷ್ಟು ದಾಖಲಾದರೆ, ಯಾರಲ್ಲಿ ನಾಳ ತೆರೆದರೂ ಹೃದಯ ಚೇತರಿಸಲಿಲ್ಲ ಎಂಬುದು ಹೊರಬೀಳುತ್ತದೆ. ಯಾವ ಔಷಧವನ್ನು ಯಾರಲ್ಲಿ ಪರೀಕ್ಷಿಸಬೇಕೆಂಬುದು ಅಲ್ಲಿಂದಲೇ ತಿಳಿಯುತ್ತದೆ. ಮೊದಲ ಮೂರು ಆಸ್ಪತ್ರೆಯ ಗೋಡೆಯೊಳಗೇ ಆಗುವ ಕೆಲಸ. ಕಷ್ಟ ಇರುವುದು ನಾಲ್ಕನೆಯದರಲ್ಲಿ. ಚೇತರಿಸಿಕೊಂಡವನಿಗೆ ಬರಲು ಮನಸ್ಸಿಲ್ಲ, ಚೇತರಿಸದವನಿಗೆ ಬರಲು ಶಕ್ತಿಯಿಲ್ಲ. ಕಣಕುಂಬಿಯಿಂದ ಬೆಳಗಾವಿಗೆ ಬಂದು ಹೋಗಲು ಒಂದು ದಿನದ ಕೂಲಿ ಹೋಗುತ್ತದೆ; ಹೆಂಗಸರಿಗಾದರೆ ಶಕ್ತಿ ಯೋಜನೆಯ ಉಚಿತ ಬಸ್ಸಾದರೂ ಇದೆ, ಗಂಡಸರಿಗೆ ಟಿಕೆಟ್ ದುಡ್ಡೂ ಕೈಯಿಂದಲೇ. ಸಂಶೋಧನೆಗೆ ಅನುದಾನ ಕೇಳುವವರು ಇಲಿಗಳ ಖರ್ಚಿನ ಕೆಳಗೆ ಇನ್ನೊಂದು ಸಾಲು ಬರೆದು, ಆ ಕೂಲಿ ಮತ್ತು ಟಿಕೆಟ್ಟಿನ ಹಣವನ್ನೂ ಕೇಳಬೇಕಾಗುತ್ತದೆ.